ಬಡಿಸಿದ ಕೈಯ ಹೊಣೆ

ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ ಹೋದ ಬೇಸಿಗೆಯಲ್ಲಿ ಊರಿಗೆ ಬಂದಿದ್ದ. ಹೋಳಿಗೆ ಶೀಕರಣೆಯ ಊಟ ಮುಗಿದು, ನಾವಿಬ್ಬರೂ ಪಡಸಾಲೆಯಲ್ಲಿ ಎಲೆಯಡಿಕೆಯ ತಟ್ಟೆಯ ಮುಂದೆ ಕುಳಿತಿದ್ದಾಗ, "ಮಾಮಾ, ಈ ವರ್ಷ ನಮ್ಮ ಕೂಟಕ್ಕ ನಾನ ಅಪಾಯದ ಅಧಿಕಾರಿ ಆಗೀನಿ" ಎಂದ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಈ ಪದವಿಗಳನ್ನು ಬಲ್ಲೆ. ಅಪಾಯಕ್ಕೂ ಒಬ್ಬ ಅಧಿಕಾರಿಯನ್ನು ಚುನಾಯಿಸುವ ಕೂಟ ಯಾವುದಪ್ಪಾ ಎಂದು ಕೇಳಿದೆ.

ಅಲ್ಲಿನ ಕಾಲೇಜುಗಳಲ್ಲಿ ಗಂಡುಹುಡುಗರು ಕಟ್ಟಿಕೊಂಡ ಕೂಟಕ್ಕೆ ಫ್ರಾಟರ್ನಿಟಿ ಎಂದೂ ಹೆಣ್ಣುಮಕ್ಕಳ ಕೂಟಕ್ಕೆ ಸೊರೊರಿಟಿ ಎಂದೂ ಹೆಸರು. ಎರಡು ಮೂರು ಗ್ರೀಕ್ ಅಕ್ಷರಗಳೇ ಅವುಗಳ ಬಿರುದು. 1776ರಲ್ಲಿ ವರ್ಜೀನಿಯದ ಕಾಲೇಜೊಂದರ ಕೆಲವು ವಿದ್ಯಾರ್ಥಿಗಳು ಫೈ ಬೀಟಾ ಕಪ್ಪ ಎಂಬ ಸಂಘವನ್ನು ಕಟ್ಟಿದರು. ವಿದ್ಯೆಗೂ ಚರ್ಚೆಗೂ ಮೀಸಲಾದ ಆ ಸಂಘದಿಂದ ಅಕ್ಷರಗಳು ಮಾತ್ರ ಉಳಿದವರಿಗೆ ಬಂದವು, ಚರ್ಚೆ ಎಷ್ಟು ಬಂತೋ ಹೇಳಲಾರೆ. ಈಗ ಕೂಟಕ್ಕೊಂದು ದೊಡ್ಡ ಮನೆ, ಆ ಮನೆಯಲ್ಲಿ ಆಗಾಗ ಪಾರ್ಟಿ. ಪಾರ್ಟಿ ಎಂದ ಮೇಲೆ ಮದ್ಯ. ಮದ್ಯ ಎಂದ ಮೇಲೆ ಬೀಳುವುದು, ಏಳುವುದು, ಒಮ್ಮೊಮ್ಮೆ ಏಳದೆಯೇ ಹೋಗುವುದು. ಸತ್ತ ಹುಡುಗರ ತಂದೆತಾಯಿಗಳು ನ್ಯಾಯಾಲಯಕ್ಕೆ ಹೋದರು. ವಿಮಾ ಕಂಪನಿಗಳು ಈ ಕೂಟಗಳನ್ನು ಕಂಡು ಮುಖ ತಿರುಗಿಸತೊಡಗಿದಾಗ, 1987ರಲ್ಲಿ ಹಲವು ಕೂಟಗಳು ಒಟ್ಟುಗೂಡಿ ಪಾರ್ಟಿಯ ಅಪಾಯವನ್ನು ಹತೋಟಿಯಲ್ಲಿಡುವ ನಿಯಮಾವಳಿಯೊಂದನ್ನು ಸಿದ್ಧಪಡಿಸಿಕೊಂಡುವು. ಆ ಬಗೆಯ ನಿಯಮಗಳನ್ನು ನಡೆಸತಕ್ಕವನೇ ನಮ್ಮ ಅಪಾಯಾಧಿಕಾರಿ.

ಅವನು ಹೇಳಿದ ನಿಯಮಗಳನ್ನು ಕೇಳಿ ನನಗೆ ಮೊದಲು ನಗು ಬಂತು. ಕೂಟದ ನಿಧಿಯಿಂದ ಮದ್ಯ ಕೊಳ್ಳಕೂಡದು. ಬರುವವರ ಪಟ್ಟಿ ಮುಂಚೆಯೇ ಸಿದ್ಧವಾಗಿರಬೇಕು. ಬಾಗಿಲಲ್ಲಿ ವಯಸ್ಸಿನ ದಾಖಲೆ ನೋಡಿ, 21 ತುಂಬಿದವರ ಮಣಿಕಟ್ಟಿಗೆ ಒಂದು ಬಣ್ಣದ ಪಟ್ಟಿ ಕಟ್ಟಬೇಕು. ದೊಡ್ಡ ಪೀಪಾಯಿಯಿಂದ ಮೊಗೆದು ಹಂಚಕೂಡದು. ತಂದವನು ತಂದಷ್ಟನ್ನೇ ಕುಡಿಯಬೇಕು, ಇಲ್ಲವೆ ಲೈಸೆನ್ಸು ಪಡೆದ ವ್ಯಾಪಾರಿಯೇ ಬಂದು ಅಳೆದು ಕೊಡಬೇಕು. ಕುಡಿತದ ಪಂದ್ಯ ಕೂಡದು. ಊಟವೂ ನೀರೂ ಧಾರಾಳವಾಗಿರಬೇಕು. ಕೂಟದ ಕೆಲವರು ಆ ರಾತ್ರಿ ತೊಟ್ಟೂ ಮುಟ್ಟದೆ ಕಾವಲಿರಬೇಕು. ನೂರಕ್ಕೆ 15ಕ್ಕಿಂತ ಹೆಚ್ಚು ಕಡುಪಿನ ಮದ್ಯವನ್ನು, ಲೈಸೆನ್ಸಿನವನು ಬಡಿಸಿದ ಹೊರತು, ಮನೆಯೊಳಕ್ಕೇ ತರಕೂಡದೆಂದು ಆ ಕೂಟಗಳ ದೊಡ್ಡ ಒಕ್ಕೂಟ 2018ರಲ್ಲಿ ಗೊತ್ತುಮಾಡಿ, 2019ರ ಸೆಪ್ಟೆಂಬರಿನೊಳಗೆ ಜಾರಿಗೆ ತರಿಸಿತು. ಮದುವೆಯ ಮನೆಯ ಉಗ್ರಾಣಿ ಬೆಲ್ಲದ ಉಂಡೆಯ ಲೆಕ್ಕ ಇಡುವಂತೆ ಈ ಹುಡುಗರು ಮತ್ತಿನ ಲೆಕ್ಕ ಇಡುತ್ತಾರಲ್ಲಾ ಎಂದು ನಾನು ನಕ್ಕೆ. ವಿಮೆಯ ಹಣಕ್ಕಾಗಿ ಹುಟ್ಟಿದ ನೀತಿ, ಎಂದೂ ಚುಚ್ಚಿದೆ.

"ಇನ್ನೊಂದು ಅದ ಮಾಮಾ" ಎಂದ ಅವನು. "ಯಾರಾದರೂ ಕುಡದು ಎಚ್ಚರ ತಪ್ಪಿದರ, ಆಂಬುಲೆನ್ಸಿಗೆ ಫೋನ್ ಮಾಡಿದವರಿಗೂ ಬಿದ್ದವನಿಗೂ ಕುಡದದ್ದಕ್ಕ ಶಿಕ್ಷಾ ಇಲ್ಲ. ಇಲ್ಲಾಂದರ ಯಾರೂ ಫೋನs ಮಾಡೂದಿಲ್ಲ."

ಎಲೆಗೆ ಸುಣ್ಣ ಹಚ್ಚುತ್ತಿದ್ದ ನನ್ನ ಬೆರಳು ಅಲ್ಲಿಯೇ ನಿಂತಿತು. ನನ್ನ ಮೇಜಿನ ಖಾನೆಯಲ್ಲಿ ಒಂದು ಕಾಗದವಿದೆ. ನನ್ನ ಕೈಯಾರೆ ರಚಿಸಿದ್ದು. ಅದನ್ನು ನೆನೆದು ನಿಂತಿತು.

ನಮ್ಮದು ಕೃಷ್ಣೆಯ ಸೀಮೆಯ ಒಂದು ಸಣ್ಣ ಊರಿನ ಕಾಲೇಜು. 2017ರ ಜನವರಿಯಲ್ಲಿ ಬಿ.ಎ. ಕೊನೆಯ ವರ್ಷದ 38 ಜನ ವಿದ್ಯಾರ್ಥಿಗಳನ್ನು ಹಂಪಿಗೆ ಕರೆದೊಯ್ಯುವ ಭಾರ ನನ್ನ ಮೇಲೆ ಬಿದ್ದಿತು. ಪ್ರವಾಸ ಎಂದರೆ ಮುಚ್ಚಳಿಕೆ. ಕನ್ನಡದ ಮೇಷ್ಟರೆಂದು ಅದರ ಒಕ್ಕಣೆಯನ್ನೂ ನನಗೇ ಒಪ್ಪಿಸಿದರು. ನಾನೂ ಉತ್ಸಾಹದಿಂದ ಬರೆದೆ. "ಸದರಿ ಪ್ರವಾಸದಲ್ಲಿ ವಿದ್ಯಾರ್ಥಿಯು ಮದ್ಯಪಾನಾದಿ ದುರ್ವ್ಯಸನಗಳಲ್ಲಿ ತೊಡಗಿದ್ದು ಕಂಡುಬಂದಲ್ಲಿ ಯಾವ ಸಮಜಾಯಿಷಿಗೂ ಎಡೆಯಿಲ್ಲದಂತೆ ಕಾಲೇಜಿನಿಂದ ಹೊರಹಾಕಲ್ಪಡತಕ್ಕವನೆಂದೂ, ತಜ್ಜನ್ಯವಾದ ಯಾವ ಹಾನಿಗೂ ಕಾಲೇಜಾಗಲಿ ಅಧ್ಯಾಪಕರಾಗಲಿ ಹೊಣೆಗಾರರಲ್ಲವೆಂದೂ ಒಪ್ಪಿ ಬರೆದುಕೊಟ್ಟ ಮುಚ್ಚಳಿಕೆ." ವಿದ್ಯಾರ್ಥಿಯ ಸಹಿ, ಪಾಲಕರ ಸಹಿ. ಪ್ರಿನ್ಸಿಪಾಲರು ಓದಿ ತಲೆದೂಗಿದರು. 'ತಜ್ಜನ್ಯ' ಎಂಬ ಶಬ್ದವನ್ನು ಹೊಂದಿಸಿದ್ದಕ್ಕೆ ನನಗೆ ಒಳಗೊಳಗೇ ಹೆಮ್ಮೆಯಾಯಿತೆಂಬುದನ್ನು ಮುಚ್ಚಿಡುವುದೇಕೆ?

ಇಳಿದುಕೊಂಡದ್ದು ಕಮಲಾಪುರದಲ್ಲಿ. ಎರಡನೆಯ ದಿನದ ಸಂಜೆ ವಿರೂಪಾಕ್ಷ ದೇವಾಲಯದ ಮುಂದೆ ತಲೆ ಎಣಿಸಿದಾಗ ಐವರು ಕಡಿಮೆ. ಮಾತಂಗ ಪರ್ವತದ ಮೇಲೆ ಸೂರ್ಯಾಸ್ತ ನೋಡಹೋಗಿದ್ದಾರೆ, ಆಟೋ ಹಿಡಿದು ಬರುತ್ತಾರೆ ಎಂದು ಉಳಿದವರು ಹೇಳಿದರು. ನಂಬಿದೆ. ನಂಬುವುದು ಸುಲಭವಾಗಿತ್ತು, ಮುಚ್ಚಳಿಕೆ ಚೀಲದಲ್ಲಿತ್ತಲ್ಲ! ಅವರು ಸೂರ್ಯಾಸ್ತ ನೋಡಿದ್ದೇನೋ ನಿಜ. ಆದರೆ ಪರ್ವತದಿಂದಲ್ಲ, ಹೊಳೆಯ ಆಚೆಯಿಂದ. ದಿನದ ಕೊನೆಯ ದೋಣಿ ಹಿಡಿದು ಅವರು ವಿರೂಪಾಪುರಗಡ್ಡೆಗೆ ದಾಟಿದ್ದರು.

ಗಡ್ಡೆಯನ್ನು ನೋಡದವರಿಗೆ ಒಂದೆರಡು ಮಾತು. ಹಂಪಿಯ ಗೋಪುರದ ಕಡೆ ನಿಂತು ತುಂಗಭದ್ರೆಯ ಆಚೆ ಕಣ್ಣು ಹಾಯಿಸಿದರೆ, ಬಂಡೆಗಳ ನಡುವೆ ಹಸಿರು ಭತ್ತದ ಗದ್ದೆ, ತೆಂಗು, ಬಾಳೆ. ಹೊಳೆ ಕವಲೊಡೆದು ಬಳಸುವ ನೆಲವಾದ್ದರಿಂದ ಅದು ಗಡ್ಡೆ. ಸುತ್ತಿನವರ ಬಾಯಲ್ಲಿ ಗಡ್ಡಿ. ಈಚೆಯ ದಂಡೆ ಆಗ ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. ಆಚೆಯದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕು. ಈಚೆ ತೀರ್ಥಕ್ಷೇತ್ರ, ಮದ್ಯಮಾಂಸ ಸಲ್ಲದು. ಆಚೆ, ಗದ್ದೆಯ ಬದುವಿಗೆ ಹುಲ್ಲಿನ ಗುಡಿಸಲುಗಳನ್ನು ಕಟ್ಟಿ, ಜೋಲಿ ತೂಗುಬಿಟ್ಟು, ಹೀಬ್ರೂ ಲಿಪಿಯಲ್ಲಿಯೂ ಫಲಕ ಬರೆಯಿಸಿ ಜನ ಹೊರದೇಶದ ಯಾತ್ರಿಕರನ್ನು ಬರಮಾಡಿಕೊಳ್ಳುತ್ತಿದ್ದರು. ಪತ್ರಿಕೆಗಳು ಅದನ್ನು ಹಿಪ್ಪಿ ದ್ವೀಪವೆಂದು ಕರೆದುವು. ಆದರೆ 1988ರಲ್ಲಿಯೇ ರಾಜ್ಯ ಸರ್ಕಾರ ಅದನ್ನು ಸಂರಕ್ಷಿತ ಪ್ರದೇಶವೆಂದು ಸಾರಿತ್ತು. ಕಟ್ಟಡಗಳು ಅಕ್ರಮವೆಂದು 2015ರ ಏಪ್ರಿಲಿನಲ್ಲಿ ಹೈಕೋರ್ಟು ಹೇಳಿತ್ತು. ಮಾಲೀಕರ ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿತ್ತು. ಹೀಗಾಗಿ ನಮ್ಮ ಹುಡುಗರು ಹೋದ ಕಾಲದಲ್ಲಿ ಗಡ್ಡೆಯ ಪ್ರತಿಯೊಂದು ಗುಡಿಸಲಿನ ಒಡೆಯನೂ ತಲೆಯ ಮೇಲೆ ಕತ್ತಿ ತೂಗುತ್ತಿರುವವನಂತೆ ಬಾಳುತ್ತಿದ್ದನು. ಪೋಲೀಸರ ಕಣ್ಣಿಗೆ ಬೀಳದಿರುವುದೇ ಅವನ ವ್ಯವಹಾರದ ಮೊದಲ ಸೂತ್ರ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಆ ರಾತ್ರಿಯ ವೃತ್ತಾಂತವನ್ನು ನಾನು ಕಂಡವನಲ್ಲ. ಐವರ ಬಾಯಿಂದ ಆಮೇಲೆ ಬಿಡಿಬಿಡಿಯಾಗಿ ಕೇಳಿ ಜೋಡಿಸಿಕೊಂಡದ್ದು. ಅವರಲ್ಲೊಬ್ಬನಿಗೆ ಅಂದು ಹುಟ್ಟುಹಬ್ಬ, 21 ತುಂಬಿತ್ತು. ಕುಷ್ಟಗಿ ತಾಲೂಕಿನ ಒಣಬೇಸಾಯದ ಮನೆತನದವನು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದವನು, ಅದುವರೆಗೆ ಮದ್ಯದ ರುಚಿ ಕಂಡವನಲ್ಲ. ಹೊರಗಿನಿಂದ ಸೀಸೆಗಳನ್ನು ತಂದಿದ್ದರು. ಹುಟ್ಟುಹಬ್ಬದವನಿಗೆ ಉಳಿದ ನಾಲ್ವರೂ ಒಂದೊಂದು ಲೋಟ ಕೊಟ್ಟು ಸತ್ಕರಿಸಿದರು. ನಾಲ್ಕು ಸತ್ಕಾರ ಮುಗಿಯಲು ಅರ್ಧ ತಾಸು ಹಿಡಿಯಲಿಲ್ಲ. ಆಮೇಲೆ ಇನ್ನೊಂದು ಸುತ್ತು. ಒಂಬತ್ತರ ಹೊತ್ತಿಗೆ ಅವನು ಹಾಡಿದನಂತೆ, ಒಂಬತ್ತೂವರೆಗೆ ಅತ್ತನಂತೆ, ಹತ್ತಕ್ಕೆ ಮಲಗಿದ. ಪೀಡೆ ಕಳೆಯಿತು, ಮಲಗಿದರೆ ಇಳಿಯುತ್ತದೆ ಎಂದು ಕಂಬಳಿ ಹೊದಿಸಿ, ಅಂಗಾತ ಮಲಗಿಸಿ, ಇವರು ಹೊರಗೆ ಬೆಳದಿಂಗಳಿನಲ್ಲಿ ಕುಳಿತರು.

ಮಲಗಿದರೆ ಇಳಿಯುತ್ತದೆಂಬ ಈ ನಂಬಿಕೆ ಎಷ್ಟು ಮನೆಗಳ ದೀಪ ಆರಿಸಿದೆಯೋ! ಗಂಗಾವತಿಯ ವೈದ್ಯರು ಮರುದಿನ ನನಗೆ ತಾಳ್ಮೆಯಿಂದ ತಿಳಿಯಹೇಳಿದರು. ಕುಡಿತ ನಿಂತ ಮೇಲೂ ಹೊಟ್ಟೆಯಲ್ಲಿದ್ದ ಮದ್ಯ ರಕ್ತಕ್ಕೆ ಏರುತ್ತಲೇ ಇರುತ್ತದೆ. ಆದುದರಿಂದ ಮಲಗಿದವನ ಮತ್ತು ಮಲಗಿದ ಮೇಲೆಯೇ ಹೆಚ್ಚಾಗಬಹುದು. ಯಕೃತ್ತು ತನ್ನದೇ ನಿಧಾನದಲ್ಲಿ, ಸುಮಾರಾಗಿ ಗಂಟೆಗೆ ಒಂದು ಸಣ್ಣ ಅಳತೆಯಷ್ಟನ್ನು ಕರಗಿಸುತ್ತದೆ. ಮಜ್ಜಿಗೆ, ನಿಂಬೆಯ ರಸ, ಕಾಫಿ, ತಣ್ಣೀರು ಯಾವುದಕ್ಕೂ ಅದು ಅವಸರಪಡುವುದಿಲ್ಲ. ಮೈ ತಣ್ಣಗಾಗುತ್ತದೆ, ಉಸಿರು ವಿರಳವಾಗುತ್ತದೆ. ಗಂಟಲಿನ ಎಚ್ಚರವೂ ಮಲಗಿಬಿಟ್ಟಿರುತ್ತದೆ. ಅಂಗಾತ ಬಿದ್ದವನಿಗೆ ವಾಂತಿಯಾದರೆ ಅದು ಹೊರಗೆ ಬಾರದೆ ಉಸಿರುಕೊಳವೆಗೆ ಇಳಿಯುತ್ತದೆ. ಕೂಗಿದರೂ ಚಿವುಟಿದರೂ ಏಳದವನು ನಿದ್ದೆಹೋದವನಲ್ಲ, ರೋಗಿ. ಅವನನ್ನು ಪಕ್ಕಕ್ಕೆ ಹೊರಳಿಸಿ, ಬಿಟ್ಟು ಕದಲದೆ, ಕೂಡಲೆ ಆಸ್ಪತ್ರೆಗೆ ಸಾಗಿಸಬೇಕು.

ಇದನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲವಳೊಬ್ಬಳು ಗಡ್ಡೆಯಲ್ಲಿದ್ದಳು. ಆ ಗುಡಿಸಲು ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಮುದುಕಿ. ಹನ್ನೊಂದರ ಸುಮಾರಿಗೆ ತಟ್ಟೆಗಳನ್ನು ಒಯ್ಯಲು ಬಂದವಳು, ಒಳಗಿನಿಂದ ಗೊರಗೊರ ಸದ್ದು ಕೇಳಿ ಇಣುಕಿದಳು. ಹುಡುಗನನ್ನು ಎಡಮಗ್ಗುಲಿಗೆ ಹೊರಳಿಸಿ, ಸೆರಗು ಸುತ್ತಿದ ಬೆರಳಿನಿಂದ ಬಾಯಿ ಬಳಿದು ತೆಗೆದು, ಹೊರಗಿನವರ ಮೇಲೆ ಹರಿಹಾಯ್ದಳಂತೆ. "ಏನ್ರೋ ಮಕ್ಕಳ್ರ್ಯಾ, ಹುಡುಗ ಸಾಯಾಕ ಹತ್ಯಾನ, ಬೆಳದಿಂಗಳಾಗ ಕುಂತೀರೇನು? ನಿಮ್ಮ ಮಾಸ್ತರಗ ಫೋನ್ ಹಚ್ಚ್ರಿ!"

"ಬ್ಯಾಡಬೇ ಯಮ್ಮಾ. ಸರ್‍ಗೆ ಗೊತ್ತಾದರ ಕಾಲೇಜಿಲಿಂದ ತಗದ ಹಾಕ್ತಾರ. ಬರಕೊಟ್ಟೀವಿ."

ಬರೆದುಕೊಟ್ಟಿದ್ದರು. ನನ್ನ ಒಕ್ಕಣೆ.

108ಕ್ಕೆ ಕರೆ ಮಾಡೋಣವೆಂದು ಒಬ್ಬನೆಂದ. ಆಂಬುಲೆನ್ಸು ಬಂದರೆ ಅದರ ಹಿಂದೆ ಪೋಲೀಸರು ಬರುತ್ತಾರೆ, ನನ್ನ ಬಾಗಿಲು ಮುಚ್ಚಿಸುತ್ತಾರೆ, ಬೇಕಾದರೆ ಹುಡುಗನನ್ನು ಎತ್ತಿ ಬೇಲಿಯ ಹೊರಗೆ ಮಲಗಿಸಿ ಆಮೇಲೆ ಏನಾದರೂ ಮಾಡಿಕೊಳ್ಳಿ ಎಂದು ಗುಡಿಸಲಿನ ಒಡೆಯ ಕೈ ಮುಗಿದ. ಅವನೂ ಕೆಟ್ಟವನೆಂದು ನಾನು ಹೇಳಲಾರೆ. ಅವನಿಗೆ ಕೋರ್ಟಿನ ಹೆದರಿಕೆ, ಹುಡುಗರಿಗೆ ನನ್ನ ಹೆದರಿಕೆ, ನನಗೆ ಪ್ರಿನ್ಸಿಪಾಲರ ಹೆದರಿಕೆ. ಈ ಮೂರು ಹೆದರಿಕೆಗಳ ನಡುವೆ ಹುಡುಗನೊಬ್ಬ ಒಂದೂವರೆ ತಾಸು ಮಣ್ಣುನೆಲದ ಮೇಲೆ ಉಸಿರಿಗಾಗಿ ಹೆಣಗಿದನು. ಕೊನೆಗೆ ಆ ಮುದುಕಿಯೇ ಮಗನನ್ನು ಎಬ್ಬಿಸಿ, ಅವನ ಟಂಟಂ ಗಾಡಿಯಲ್ಲಿ ಹುಡುಗನನ್ನು ಹಾಕಿಸಿ, ದಾರಿಯುದ್ದಕ್ಕೂ ಅವನ ತಲೆಯನ್ನು ತೊಡೆಯ ಮೇಲೆ ಓರೆಯಾಗಿ ಹಿಡಿದುಕೊಂಡು, ಆನೆಗೊಂದಿಯ ಮೇಲೆ ಹಾದು ಗಂಗಾವತಿಗೆ ಒಯ್ದಳು. ಹೆಸರು ಬರೆಯಿಸುವಾಗ ಸಂಬಂಧವೇನೆಂದು ಕೇಳಿದರೆ, "ನಮ್ಮ ಹುಡುಗ" ಎಂದಳಂತೆ.

ನನಗೆ ಫೋನು ಬಂದದ್ದು ಬೆಳಗಿನ ಐದಕ್ಕೆ. ಹುಡುಗ ಉಳಿದನು. ಶ್ವಾಸಕೋಶಕ್ಕೆ ಸೋಂಕಾಗಿ ಎಂಟು ದಿನ ಮಲಗಿದನು. ಇನ್ನರ್ಧ ತಾಸು ತಡವಾಗಿದ್ದರೆ ನನ್ನ ಹತ್ತಿರ ತರುವ ಅವಶ್ಯಕತೆಯೇ ಇರುತ್ತಿರಲಿಲ್ಲ ಎಂದರು ವೈದ್ಯರು.

ಮಧ್ಯಾಹ್ನ ಅವನ ತಂದೆ ಬಂದರು. ಬಿಳಿಯ ರುಮಾಲು, ಹೆಗಲ ಮೇಲೆ ಟವೆಲು. ಬೈಯುತ್ತಾರೆಂದು ಎದುರು ನಿಂತೆ. ಅವರು ಬೈಯಲಿಲ್ಲ. ಬಹಳ ಹೊತ್ತು ಮಗನ ಪಾದ ಹಿಡಿದು ಕುಳಿತಿದ್ದು, ಹೊರಗೆ ಬಂದು ಮೆಲ್ಲನೆ ಕೇಳಿದರು: "ಸರ, ಟ್ರಿಪ್ಪಿಗೆ ಕಳಸುವಾಗ ಒಂದು ಕಾಗದಕ್ಕ ನಾನೂ ಹೆಬ್ಬಟ್ಟ ಒತ್ತೀನ್ರಿ. ನನಗ ಓದಾಕ ಬರಂಗಿಲ್ಲ. ಏನ್ ಬರದಿದ್ರಿ ಅದರಾಗ?"

ಇಪ್ಪತ್ತು ವರ್ಷ ಕನ್ನಡ ಓದಿ, ಓದಿಸಿ, ಆ ಪ್ರಶ್ನೆಗೆ ಉತ್ತರವಾಗಿ ಕನ್ನಡದಲ್ಲಿ ಒಂದು ವಾಕ್ಯ ನನ್ನ ಬಾಯಿಂದ ಹೊರಡಲಿಲ್ಲ. "ಹುಷಾರಾಗಿ ಇರಬೇಕು ಅಂತ ಬರೆದಿತ್ತು" ಎಂದುಬಿಟ್ಟೆ. ಸುಳ್ಳು.

ಊರಿಗೆ ಮರಳಿದ ಮೇಲೆ ವಕೀಲ ಗೆಳೆಯರೊಬ್ಬರಿಗೆ ಆ ಮುಚ್ಚಳಿಕೆಯನ್ನು ತೋರಿಸಿದೆ. ಅವರು ಓದಿ, ಭಾಷೆ ಚೆನ್ನಾಗಿದೆ ಎಂದರು. ಇದನ್ನು ಪೆಟ್ಟಿಗೆಯಲ್ಲಿಡಿ, ನ್ಯಾಯಾಲಯಕ್ಕೆ ತರಬೇಡಿ ಎಂದೂ ಸೇರಿಸಿದರು. 1995ರಲ್ಲಿ ಪಂಜಾಬಿನ ಶಾಲೆಯೊಂದರ 14 ಮಕ್ಕಳು ವನವಿಹಾರಕ್ಕೆ ಹೋಗಿ ಬಿಯಾಸ್ ನದಿಯಲ್ಲಿ ಮುಳುಗಿದರು. ಕರೆದೊಯ್ದ ಅಧ್ಯಾಪಕರ ಅಲಕ್ಷ್ಯಕ್ಕೆ ಶಾಲೆಯ ಆಡಳಿತವೇ ಪರಿಹಾರ ತೆರಬೇಕೆಂದು ಸುಪ್ರೀಂ ಕೋರ್ಟು 2001ರಲ್ಲಿ ತೀರ್ಪು ಕೊಟ್ಟಿತು. ಕರೆದೊಯ್ದವನ ಹೊಣೆ ಕಾಗದದಿಂದ ಕಳಚುವಂಥದಲ್ಲ ಎಂದು ಗೆಳೆಯರ ಅಭಿಪ್ರಾಯ. ವಯಸ್ಸಿನ ವಿಚಾರದಲ್ಲಂತೂ ನಮ್ಮ ಕಾನೂನೇ ಎರಡು ನಾಲಗೆಯಲ್ಲಿ ಮಾತಾಡುತ್ತ ಬಂದಿದೆ: 1965ರ ಅಬಕಾರಿ ಕಾಯಿದೆ 18 ಎಂದರೆ, 1967ರ ಲೈಸೆನ್ಸು ನಿಯಮಗಳು 21 ಎಂದುವು, ಎರಡನ್ನೂ 18ಕ್ಕೆ ಸರಿಹೊಂದಿಸುವ ಕರಡೊಂದು 2023ರ ಜನವರಿಯಲ್ಲಿ ಹೊರಟು, ಆಕ್ಷೇಪಗಳು ಬಂದ ಮೇಲೆ ಹಿಂದಕ್ಕೆ ಹೋಯಿತು. ನಮ್ಮ ಹುಡುಗನಿಗೆ ಅಂದೇ 21 ತುಂಬಿದ್ದರಿಂದ ಎರಡು ಲೆಕ್ಕದಲ್ಲಿಯೂ ಅವನು ನಿರಪರಾಧಿ. ಎಂಥ ಸಮಾಧಾನ!

ಕುಡಿದವನಷ್ಟೇ ಅಲ್ಲ, ಕುಡಿಸಿದವನೂ ಹೊಣೆಗಾರ ಎಂಬುದು ಪಶ್ಚಿಮದ ಹೊಸ ವಿಚಾರವೆಂದು ತಿಳಿಯಬೇಕಾಗಿಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಬಂದ ಓಲೆಗರಿಯ ಕಟ್ಟಿನಿಂದ ಆರ್. ಶಾಮಶಾಸ್ತ್ರಿಗಳು ಎತ್ತಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಮೇಲೆಯೇ ಒಂದು ಅಧ್ಯಾಯವಿದೆ. ನನ್ನ ಅಳಿಯನ ನಿಯಮಾವಳಿಯನ್ನು ಓದಿದ ಮೇಲೆ ಅದನ್ನು ಮತ್ತೆ ತೆರೆದು ನೋಡಿ ಬೆರಗಾದೆ. ಮದ್ಯವನ್ನು ನಡತೆ ಗೊತ್ತಿದ್ದವರಿಗೆ ಸ್ವಲ್ಪ ಸ್ವಲ್ಪವಾಗಿ ಮಾತ್ರ ಹೊರಗೆ ಕೊಡಬೇಕು. ಉಳಿದವರು ಪಾನಗೃಹದಲ್ಲಿಯೇ ಕುಳಿತು ಕುಡಿಯಬೇಕು. ಅಲ್ಲಿ ಬೇರೆ ಬೇರೆ ಕೋಣೆ, ಹಾಸಿಗೆ, ಆಸನ, ಗಂಧ, ಹೂವು, ನೀರು ಇರಬೇಕು. ಕುಡಿದು ಮಲಗಿದ ಗಿರಾಕಿಗಳ ಒಡವೆ, ಬಟ್ಟೆ, ಹೊನ್ನು ಕಳೆದುಹೋದರೆ ಪಾನಗೃಹದವನು ಅದನ್ನೂ ತುಂಬಿಕೊಡಬೇಕು, ಅಷ್ಟೇ ಮೊತ್ತದ ದಂಡವನ್ನೂ ತೆರಬೇಕು. ಎಚ್ಚರವಿಲ್ಲದವನ ಎಚ್ಚರವನ್ನು ಕುಡಿಸಿದವನು ಇಟ್ಟುಕೊಳ್ಳಬೇಕೆಂಬುದು ಇದರ ತಿರುಳು. ವಿಮೆಯ ಹಣಕ್ಕೆ ಹುಟ್ಟಿದ ನೀತಿಯೆಂದು ಅಳಿಯನನ್ನು ಚುಚ್ಚಿದ ನಾನು, ಬೊಕ್ಕಸದ ಹಣಕ್ಕೆ ಹುಟ್ಟಿದ ಈ ನೀತಿಯನ್ನು ಮಾತ್ರ ತಲೆಯ ಮೇಲಿಟ್ಟುಕೊಳ್ಳುವುದು ಯಾವ ನ್ಯಾಯ? ಹುಟ್ಟು ಎಲ್ಲಿಯಾದರೂ ಇರಲಿ, ಮಲಗಿದವನ ಪಕ್ಕದಲ್ಲಿ ಒಬ್ಬ ಎಚ್ಚರವಾಗಿದ್ದರೆ ಸಾಕು. ಒಂದೇ ಕೊರತೆ: ಆ ಅಧ್ಯಾಯದಲ್ಲಿ ಒಡವೆಯ ಮಾತಿದೆ, ಪ್ರಾಣದ ಮಾತು ನನ್ನ ಕಣ್ಣಿಗೆ ಬೀಳಲಿಲ್ಲ.

ದಂಡದ ಭಯವೊಂದರಿಂದಲೇ ಕುಡಿತವನ್ನು ನಿಲ್ಲಿಸಹೊರಟ ಕಥೆಯೂ ನಮ್ಮಲ್ಲಿದೆ, ಮಹಾಭಾರತದ ಮೌಸಲಪರ್ವ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ್ದರಿಂದ ನಮ್ಮ ವಿದ್ಯಾರ್ಥಿಗಳಿಗೆ ಇದರ ಪರಿಚಯ ಕಡಿಮೆ. ಉಳಿದ ಪರ್ವಗಳನ್ನು ಕನ್ನಡಿಸಿದವನು ತಿಮ್ಮಣ್ಣಕವಿ, ಬರೆಯಿಸಿದವನು ಇದೇ ಹಂಪಿಯಲ್ಲಿ ಆಳಿದ ಕೃಷ್ಣದೇವರಾಯ. ಯಾದವರ ಹುಡುಗರು ಸಾಂಬನಿಗೆ ಹೆಣ್ಣುವೇಷ ತೊಡಿಸಿ ಋಷಿಗಳನ್ನು ಗೇಲಿ ಮಾಡಿದ್ದು, ಶಾಪ ತಗಲಿದ್ದು ಎಲ್ಲರೂ ಬಲ್ಲ ಕಥೆ. ಅದರ ಮುಂದಿನದನ್ನು ನೋಡಬೇಕು. ಶಾಪಕ್ಕೆ ಹೆದರಿ ದ್ವಾರಕೆಯಲ್ಲಿ ಡಂಗುರ ಹೊಯ್ಯಿಸುತ್ತಾರೆ: ಇಂದಿನಿಂದ ಯಾರೂ ಮದ್ಯ ಮಾಡಕೂಡದು, ಮಾಡಿದವನನ್ನು ಬಂಧುಬಳಗ ಸಹಿತ ಜೀವಂತ ಶೂಲಕ್ಕೇರಿಸಲಾಗುವುದು. ಇದಕ್ಕಿಂತ ಕಠಿಣವಾದ ಮುಚ್ಚಳಿಕೆಯನ್ನು ನಾನೂ ಬರೆಯಲಾರೆ. ಆದರೂ ಆ ಜನ ಪ್ರಭಾಸಕ್ಕೆ ಪ್ರವಾಸ ಹೋದರು. ಊರಿನ ಕಟ್ಟು ಊರಿನಲ್ಲಿ ಉಳಿಯಿತು. ಕೃಷ್ಣನ ಕಣ್ಣೆದುರಿಗೇ ಕುಡಿದರು. ಹಳೆಯ ಮಾತೆತ್ತಿ ಜೊಂಡು ಕಿತ್ತು ಹೊಡೆದಾಡಿ ಸತ್ತರು. ದೇವಕಾವ್ಯದಲ್ಲಿಯೇ ಹೀಗಾದರೆ 38 ಹುಡುಗರ ಬಸ್ಸಿನ ಪಾಡೇನು?

ಅಳಿಯ ಹೇಳಿದ ಆ ಕೊನೆಯ ನಿಯಮದ ಹಿಂದೆ ಅಲ್ಲಿಯೂ ಸಾವುಗಳಿವೆ. 2017ರ ಫೆಬ್ರವರಿಯಲ್ಲಿ, ಎಂದರೆ ನಮ್ಮ ಗಡ್ಡೆಯ ರಾತ್ರಿಯ ಮರುತಿಂಗಳು, ಪೆನ್ಸಿಲ್ವೇನಿಯದ ವಿಶ್ವವಿದ್ಯಾಲಯವೊಂದರ ಕೂಟದ ಮನೆಯಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬನಿಗೆ ಮಿತಿಯಿಲ್ಲದೆ ಕುಡಿಸಿದರು. ಅವನು ಮೆಟ್ಟಿಲಿನಿಂದ ಉರುಳಿದ. ಗೆಳೆಯರು ಎತ್ತಿ ಸೋಫಾದ ಮೇಲೆ ಹಾಕಿದರು. ಸುಮಾರು 12 ಗಂಟೆಗಳ ಕಾಲ ಯಾರೊಬ್ಬರೂ ನೆರವಿಗೆ ಕರೆ ಮಾಡಲಿಲ್ಲ. ಅವನು ಉಳಿಯಲಿಲ್ಲ. ಆ ರಾಜ್ಯ 2018ರಲ್ಲಿ ಹುಡುಗನ ಹೆಸರಿನಲ್ಲಿಯೇ ಕಾಯಿದೆ ಮಾಡಿ, ಹೊಸಬರನ್ನು ಪೀಡಿಸುವವರಿಗೆ ಶಿಕ್ಷೆಯನ್ನು ಬಿಗಿಮಾಡಿತು. ಜೊತೆಗೆ, ಬಿದ್ದವನಿಗಾಗಿ ಕೂಡಲೆ ಕರೆ ಮಾಡಿ, ನೆರವು ಬರುವವರೆಗೆ ಬಳಿಯಲ್ಲಿಯೇ ನಿಂತವನಿಗೆ ಕಾನೂನಿನ ಆಸರೆಯನ್ನೂ ಕೊಟ್ಟಿತು. ಬಿಗಿಯೂ ಸಡಿಲವೂ ಒಂದೇ ಕಾಯಿದೆಯಲ್ಲಿ. ನಮ್ಮಲ್ಲಿಯೂ ಇದರ ಮೊಳಕೆ ಇಲ್ಲದೆ ಇಲ್ಲ. ರಸ್ತೆಯಲ್ಲಿ ಗಾಯಗೊಂಡವನನ್ನು ಆಸ್ಪತ್ರೆಗೆ ಒಯ್ದ ಸಜ್ಜನನಿಗೆ ಪೋಲೀಸು ಕೋರ್ಟುಗಳ ಕಿರುಕುಳ ತಟ್ಟಬಾರದೆಂದು 2016ರಲ್ಲಿಯೇ ಕರ್ನಾಟಕದ ಶಾಸನಸಭೆ ಮಸೂದೆಯನ್ನು ಒಪ್ಪಿತು. ರಸ್ತೆಯ ಗಾಯಾಳುವಿಗೆ ಒಪ್ಪುವ ಮಾತು ಹಾಸ್ಟೆಲಿನ ಕೋಣೆಯಲ್ಲಿ ಬಿದ್ದವನಿಗೆ ಏಕೆ ಒಪ್ಪಬಾರದೋ ನನಗೆ ತಿಳಿಯದು.

ಗಡ್ಡೆ ಈಗ ಬೇರೆ. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿದಾಗ ಅಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಕೊಂಡರು. ಅವರನ್ನು ತರಹೋದ ರಕ್ಷಣಾಪಡೆಯ ದೋಣಿಯೊಂದು ಮಗುಚಿ, ಅದರಲ್ಲಿದ್ದವರನ್ನೇ ಹೆಲಿಕಾಪ್ಟರಿನಿಂದ ಎತ್ತಬೇಕಾಯಿತು. 2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ಆಜ್ಞೆಯನ್ನು ಎತ್ತಿಹಿಡಿಯಿತು; ಮಾರ್ಚ್ 3ರಂದು ಯಂತ್ರಗಳು ಬಂದುವು; ಗುಡಿಸಲುಗಳು ನೆಲಸಮವಾದುವು. ಪುರಾತತ್ವಕ್ಕೆ ಅದು ಒಳ್ಳೆಯದೇ ಇರಬಹುದು. ಆದರೆ ಪಾರ್ಟಿಗಳು ನೆಲಸಮವಾಗಲಿಲ್ಲ; ಸಣಾಪುರ, ಆನೆಗೊಂದಿ, ಹನುಮನಹಳ್ಳಿಗಳ ಕಡೆಗೆ ನಡೆದುವು. ಆ ಪಾತ್ರೆ ತೊಳೆಯುವ ಮುದುಕಿಯನ್ನು ಹುಡುಕಿಕೊಂಡು ಮರುವರ್ಷವೇ ಹೋಗಿದ್ದೆ, ಸೀರೆಯೊಂದನ್ನು ತೆಗೆದುಕೊಂಡು. ಸೀರೆ ತೆಗೆದುಕೊಂಡಳು, ಹುಡುಗನ ಪರೀಕ್ಷೆ ಏನಾಯಿತೆಂದು ಕೇಳಿದಳು. ಗುಡಿಸಲುಗಳು ಹೋದ ಮೇಲೆ ಅವಳು ಎಲ್ಲಿಗೆ ಹೋದಳೆಂದು ಹೇಳಬಲ್ಲವರು ಸಿಗಲಿಲ್ಲ.

ಅಳಿಯ ವಿಮಾನ ಹತ್ತಿದ ವಾರವೇ ನಾನು ಖಾನೆಯಿಂದ ಹಳೆಯ ಮುಚ್ಚಳಿಕೆಯನ್ನು ತೆಗೆದು ಹೊಸದೊಂದನ್ನು ಬರೆದೆ. ಹೊಣೆಗಾರರಲ್ಲವೆಂಬ ಸಾಲನ್ನು ಹೊಡೆದುಹಾಕಿದೆ. ಕುಡಿಯಕೂಡದೆಂಬ ಕಟ್ಟನ್ನು ಉಳಿಸಿಕೊಂಡೆ. ಕೆಳಗೆ, ಹಳ್ಳಿಯ ತಂದೆಗೆ ಯಾರಾದರೂ ಓದಿಹೇಳಿದರೆ ತಿಳಿಯುವಂತೆ, ಒಂದು ಮಾತು ಸೇರಿಸಿದೆ: ಗೆಳೆಯನಿಗೆ ಎಚ್ಚರ ತಪ್ಪಿದರೆ ಎಷ್ಟು ಹೊತ್ತಿನಲ್ಲಾದರೂ ನನಗೆ ಫೋನ್ ಮಾಡಿರಿ, ಮಾಡಿದವರನ್ನೂ ಬಿದ್ದವನನ್ನೂ ಕಾಲೇಜಿನಿಂದ ತೆಗೆಯುವುದಿಲ್ಲ. ಆ ಕೊನೆಯ ಸಾಲಿಗೆ ಪ್ರಿನ್ಸಿಪಾಲರು ಕೆಂಪು ಗೆರೆ ಎಳೆದರು; ಇದು ಕುಡಿಯಿರೆಂದು ಪರವಾನಗಿ ಕೊಟ್ಟಂತಾಯಿತು ಎಂದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಬರಹದಲ್ಲಿ ಇಲ್ಲದುದನ್ನು ಬಸ್ಸಿನಲ್ಲಿ ನಿಂತು ಬಾಯಿಮಾತಿನಲ್ಲಿ ಹೇಳಿದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ಸಲ ನಾವು ಇಳಿದುಕೊಂಡದ್ದು ಆಚೆಯ ದಂಡೆಯಲ್ಲಿ, ಆನೆಗೊಂದಿಯಲ್ಲಿ. ರಾತ್ರಿ ಹನ್ನೊಂದೂಕಾಲಿಗೆ ಫೋನು ಬಾರಿಸಿತು. ಎದೆ ಝಲ್ಲೆಂದಿತು. "ಸರ, ಲಗೂನ ಬರ್ರಿ. ಚೇಳು ಬಂದದ." ಬ್ಯಾಟರಿ ಹಿಡಿದು, ಚಪ್ಪಲಿ ಮೆಟ್ಟಿ ಓಡಿದೆ. ನಿಜವಾಗಿಯೂ ಚೇಳೇ, ಗೋಡೆಯ ಬಿರುಕಿನಲ್ಲಿ ಕೊಂಡಿ ಎತ್ತಿ ಕುಳಿತಿತ್ತು. ಅದರ ವ್ಯವಸ್ಥೆ ಮಾಡಿ ತಿರುಗಿದಾಗ, ಮೂಲೆಯ ಹಾಸಿಗೆಯಲ್ಲಿ ಒಬ್ಬ ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡಿದ್ದುದು ಕಂಡಿತು. ಬಳಿಗೆ ಹೋದರೆ ವಾಸನೆ. ಉಳಿದವರು ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು. ಹೆಸರು ಹಿಡಿದು ಕರೆದೆ. ಕಣ್ಣು ತೆರೆದು "ಸರ" ಎಂದು ಮತ್ತೆ ಮುಚ್ಚಿದ. ಅವನನ್ನು ಎಡಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ಚೀಲವೊಂದನ್ನು ಒತ್ತಿಟ್ಟು, ತಂಬಿಗೆಯಲ್ಲಿ ನೀರು ತರಿಸಿಟ್ಟೆ. ಚೇಳಿಗೆ ಹೆದರಿ ಕರೆದರೋ ಇವನಿಗೆ ಹೆದರಿ ಕರೆದರೋ ನಾನು ಕೇಳಲಿಲ್ಲ. ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತೆ. ಎರಡರ ಹೊತ್ತಿಗೆ ಒಬ್ಬ ಹುಡುಗ ಎದ್ದು ಬಂದು, ನೀವು ಸ್ವಲ್ಪ ಅಡ್ಡಾಗ್ರಿ ಸರ, ನಾನು ನೋಡ್ಕೋತೀನಿ ಎಂದ. ಇಬ್ಬರೂ ಕುಳಿತೆವು, ಹೊಳೆಯ ಸದ್ದು ಕೇಳುತ್ತ, ಒಳಗಿನ ಉಸಿರನ್ನು ಎಣಿಸುತ್ತ, ಕೋಳಿ ಕೂಗುವವರೆಗೆ.